ಕತ್ತಿ ಅಂಗಡಿಯ ಗೂಟಗಳು

ನಾನು ಬಾರ್ ನಡೆಸುವವಳು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಾಗಿ ಮುಖ ಹುಳ್ಳಗೆ ಮಾಡಿಕೊಳ್ಳುವುದು ಬೇಡ. ಇಪ್ಪತ್ತು ವರ್ಷ ನಾನೂ ಸುಳ್ಳು ಹೇಳಿಕೊಂಡೇ ಬಂದೆ. ಶೃಂಗೇರಿಯಲ್ಲಿ ನೆಂಟರ ಮದುವೆಗೆ ಹೋದಾಗ ಪಕ್ಕದ ಎಲೆಯವರು "ನಿಮ್ಮ ಯಜಮಾನ್ರಿಗೆ ಎಂತ ಕೆಲಸ?" ಅಂತ ಕೇಳಿದರೆ "ಕೊಪ್ಪದಲ್ಲಿ ಹೋಟೆಲ್ ಇದೆ" ಅನ್ನುತ್ತಿದ್ದೆ. "ಹೌದಾ, ಯಾವ ಹೋಟೆಲು? ಕೊಪ್ಪಕ್ಕೆ ಬಂದಾಗ ಕಾಫಿಗೆ ಬರ್ತೀವಿ" ಅಂದರೋ, ಮುಗಿಯಿತು. ಪಾಯಸ ಬಡಿಸುವವರ ಮೇಲೆ ನನಗೆ ಎಲ್ಲಿಲ್ಲದ ಪ್ರೀತಿ ಬಂದು ಆ ಕಡೆ ತಿರುಗಿಬಿಡುತ್ತಿದ್ದೆ. ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡ ಅಂತಾರೆ. ನಾನೋ ಆ ಮರದ ಬುಡದಲ್ಲೇ ಸಂಸಾರ ಹೂಡಿದವಳು, ನನ್ನ ಮಜ್ಜಿಗೆಯನ್ನು ಯಾರು ನಂಬುತ್ತಾರೆ?

ನಮ್ಮ ಬಾರಿಗೆ ಬೋರ್ಡಿನ ಮೇಲೆ ಒಂದು ಹೆಸರಿದೆ. ಅದು ಲೈಸೆನ್ಸಿಗೆ ಮಾತ್ರ. ಊರಿನವರಿಗೆಲ್ಲ ಅದು ಕತ್ತಿ ಅಂಗಡಿ. ನಾನು ನರಸಿಂಹರಾಜಪುರದಿಂದ ಮದುವೆಯಾಗಿ ಬಂದ ಹೊಸದರಲ್ಲಿ ಈ ಹೆಸರು ಕೇಳಿ, ಇವರು ಕತ್ತಿ ಕುಡುಗೋಲು ಮಾರುತ್ತಾರೆ ಅಂತ ನನ್ನ ಅಜ್ಜಿ ತಿಳಿದುಕೊಂಡಿದ್ದಳು. ಪಾಪ, ಸಾಯುವವರೆಗೂ ಹಾಗೇ ತಿಳಿದುಕೊಂಡಿದ್ದಳು. ನಾವೂ ತಿದ್ದಲಿಕ್ಕೆ ಹೋಗಲಿಲ್ಲ.

ಅಂಗಡಿ ಶುರು ಮಾಡಿದ್ದು ನನ್ನ ಮಾವನ ಅಪ್ಪ. ಆಗ ಸಾರಾಯಿ. ಮಣ್ಣಿನ ಗೋಡೆ, ಹುಲ್ಲಿನ ಮಾಡು, ಒಂದು ಪೀಪಾಯಿ, ಒಂದು ಅಳತೆಯ ಲೋಟ. ತೋಟದ ಕೆಲಸ ಮುಗಿಸಿದವರು ಸೊಂಟದ ಕೊಕ್ಕೆಯಲ್ಲಿ ಕತ್ತಿ ಸಿಕ್ಕಿಸಿಕೊಂಡೇ ಬಂದು ಕೂರುತ್ತಿದ್ದರು. ನಮ್ಮ ಕಡೆ ಕೂಲಿಯವನಿಗೆ ಕತ್ತಿ ಅಂದರೆ ಇನ್ನೊಂದು ಕೈ, ಬಿಚ್ಚಿಡುವ ವಸ್ತು ಅಲ್ಲ. ಒಂದು ದಿನ ಒಂದೇ ತೋಟದಲ್ಲಿ ಕೆಲಸ ಮಾಡುವ ಇಬ್ಬರು ಗೆಳೆಯರು, ಒಂದೇ ತಟ್ಟೆಯಲ್ಲಿ ಮೀನು ತಿನ್ನುತ್ತಿದ್ದವರು, ಯಾವುದೋ ಬಾಜಿಗೆ ಮಾತಿಗೆ ಮಾತು ಬೆಳೆದು ಎದ್ದುನಿಂತರಂತೆ. ಒಬ್ಬನ ತೋಳು ಹೋಯಿತು. ಹೊಡೆದವನು ಮರುದಿನ ಅಮಲಿಳಿದ ಮೇಲೆ ನಮ್ಮ ಅಂಗಳದಲ್ಲಿ ಕೂತು ಹೆಂಗಸರ ಹಾಗೆ ಅತ್ತನಂತೆ. ಮಾವನ ಅಪ್ಪ, ಅಂದರೆ ನಮ್ಮ ಅಜ್ಜ, ಆ ವಾರವೇ ಹಲಸಿನ ಮರದ ಹಲಗೆಯೊಂದನ್ನು ಗೋಡೆಗೆ ಬಡಿಸಿ, ಅದಕ್ಕೆ ಹದಿನಾರು ಗೂಟ ಹಾಕಿಸಿದರು. ಕತ್ತಿ ಗೂಟಕ್ಕೆ, ಆಮೇಲೆ ಲೋಟ ಕೈಗೆ. ಒಪ್ಪದಿದ್ದವನಿಗೆ ಬಾಗಿಲು ಅಲ್ಲಿದೆ.

ಅವತ್ತಿನಿಂದ ನಮ್ಮ ಮನೆಗೆ ಒಂದು ಜಂಬ ಬಂತು. ಇರುವುದು ಅದೊಂದೇ ಜಂಬ. ನನ್ನ ಮಾವ ಬೆಳಗ್ಗೆ ಬಾಗಿಲು ತೆಗೆದು ಊದಿನಕಡ್ಡಿ ಹಚ್ಚುವಾಗ ಬೇರೆಯವರು ಮಂತ್ರ ಹೇಳುವ ಹಾಗೆ ಹೇಳುತ್ತಿದ್ದರು, "ನಮ್ಮಲ್ಲಿ ಕುಡಿದವನ ಕೈಯಿಂದ ದಾರೀಲಿ ಒಂದು ಹನಿ ರಕ್ತ ಬಿದ್ದಿಲ್ಲ. ಇವತ್ತೂ ಬೀಳದ ಹಾಗೆ ನೋಡ್ಕೋ ತಂದೆ." ದೇವರಿಗೂ ಕೇಳಿ ಕೇಳಿ ಬೇಜಾರಾಗಿರಬೇಕು.

ನಾನು ಬಂದ ಕೆಲವು ವರ್ಷಕ್ಕೆ ಸರ್ಕಾರ ಸಾರಾಯಿ ನಿಲ್ಲಿಸಿತು. ಮಾವ ಮೂರು ದಿನ ಬಾಗಿಲು ಹಾಕಿಕೊಂಡು ಕೂತರು, ನಾಲ್ಕನೇ ದಿನ ಎದ್ದು ಬಾರ್ ಲೈಸೆನ್ಸಿಗೆ ಓಡಾಡಲು ಶುರು ಮಾಡಿದರು. ಮಣ್ಣಿನ ಗೋಡೆ ಹೋಗಿ ಇಟ್ಟಿಗೆ ಬಂತು, ಬೆಂಚು ಹೋಗಿ ಟೇಬಲ್ ಬಂತು, ಫ್ರಿಜ್ ಬಂತು. ಹಲಸಿನ ಹಲಗೆ ಮಾತ್ರ ಅಲ್ಲೇ ಉಳಿಯಿತು. ಮಾವ ಹೋದ ಮೇಲೆ ಗಲ್ಲಾದಲ್ಲಿ ಕೂತವರು ನಮ್ಮವರು. ಅಷ್ಟರಲ್ಲಿ ಕತ್ತಿ ಕಟ್ಟಿಕೊಂಡು ಬರುವವರು ಕಡಿಮೆಯಾಗಿ ಜೀಪು ಬೈಕುಗಳಲ್ಲಿ ಬರುವವರು ಜಾಸ್ತಿಯಾಗಿದ್ದರು. ನಮ್ಮವರು ಯೋಚನೆ ಮಾಡಿ, ಕತ್ತಿಗಿಂತ ಈಗ ಕೀ ದೊಡ್ಡ ಅಪಾಯ ಅಂತ, ಅದೇ ಗೂಟಗಳಿಗೆ ಕೀ ನೇತುಹಾಕಿಸಲು ಶುರು ಮಾಡಿದರು. ಬಂದವನು ಮೊದಲು ಕೀ ಗೂಟಕ್ಕೆ ಹಾಕಬೇಕು. ಕುಡಿದವನ ಕೈಗೆ ಕೀ ವಾಪಸು ಇಲ್ಲ. ಕುಡಿಯದವನು ಯಾರಾದರೂ ಬಂದು ತಗೊಂಡು ಹೋಗಬೇಕು, ಇಲ್ಲದಿದ್ದರೆ ಬಸ್ಸು, ಆಟೋ. ಇದ್ಯಾವ ಬಾರು ಮಾರಾಯ ಅಂತ ಕೆಲವರು ಬೇರೆ ಕಡೆ ಹೋದರು. ಹೋಗಲಿ. ಹಳ್ಳಿ ಮನೆಗಳ ಹೆಂಗಸರು "ಕುಡಿಯೋದೇ ಆದ್ರೆ ಕತ್ತಿ ಅಂಗಡೀಲಿ ಕುಡೀರಿ" ಅಂತ ಹೇಳಿ ಕಳಿಸುತ್ತಾರೆ. ಅದಕ್ಕಿಂತ ದೊಡ್ಡ ಬೋರ್ಡು ಬೇಕಾ?

ಇದೆಲ್ಲ ನಾನು ಕಣ್ಣಿಂದ ಕಂಡದ್ದಲ್ಲ, ಪರದೆ ಹಿಂದಿನಿಂದ ಕೇಳಿದ್ದು. ಅಂಗಡಿಯ ಹಿಂದೆಯೇ ನಮ್ಮ ಮನೆ, ನಡುವೆ ಅಡುಗೆಮನೆ, ಅಡುಗೆಮನೆಗೂ ಅಂಗಡಿಗೂ ಮಧ್ಯೆ ಒಂದು ನೀಲಿ ಪರದೆ. ಹೆಂಗಸರು ಪರದೆ ದಾಟುವಂತಿಲ್ಲ. ಅತ್ತೆ ದಾಟಿರಲಿಲ್ಲ, ನಾನು ದಾಟಿರಲಿಲ್ಲ, ಮೂವತ್ತು ವರ್ಷದಿಂದ ನಮ್ಮಲ್ಲಿ ಮೀನು ಹುರಿಯುವ ದೊಡ್ಡಮ್ಮನೂ ದಾಟಿರಲಿಲ್ಲ. ಸಂಬಂಧದಲ್ಲಿ ಅವಳು ಯಾರಿಗೂ ದೊಡ್ಡಮ್ಮ ಅಲ್ಲ, ಎಲ್ಲರೂ ಹಾಗೆ ಕರೆಯುತ್ತಾರೆ ಅಷ್ಟೆ. ನಾವು ತಟ್ಟೆ ಪರದೆಯಡಿ ದೂಡುವುದು, ಗಂಡಸರು ಆ ಕಡೆಯಿಂದ ಎತ್ತಿಕೊಳ್ಳುವುದು. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ ಅಂಗಡಿ ಮುಚ್ಚಿದಾಗ ಮಾತ್ರ ಒಳಗೆ ಹೋಗಿ ಹಲಗೆಗೆ ಕುಂಕುಮ ಹಚ್ಚುತ್ತಿದ್ದೆ. ಮೊದಲನೇ ಗೂಟದಲ್ಲಿ ಒಂದು ಹಳೇ ಕತ್ತಿ, ಕಪ್ಪು ಹಿಡಿಯದು, ಯಾವಾಗಲೂ ನೇತಾಡುತ್ತಿತ್ತು. ಅಜ್ಜನ ಕತ್ತಿ ಅಂದುಕೊಂಡು ಅದಕ್ಕೆ ಎರಡು ಹೂವು ಜಾಸ್ತಿ ಇಡುತ್ತಿದ್ದೆ. ಅದೇ ಗೂಟದಲ್ಲಿ ಒಂದು ಜೀಪಿನ ಕೀಯೂ ಇತ್ತು. ನಾವು ಮಾರಿದ ಹಳೇ ಜೀಪಿನದು ಅಂದುಕೊಂಡಿದ್ದೆ. ಕೇಳಿದ್ದರೆ ಹೇಳುತ್ತಿದ್ದರೋ ಏನೋ, ಕೇಳಲಿಲ್ಲ. ಗಲ್ಲಾದ ಗುಟ್ಟು ಅಪ್ಪನಿಂದ ಮಗನಿಗೆ, ಸಾಂಬಾರಿನ ಗುಟ್ಟು ಅತ್ತೆಯಿಂದ ಸೊಸೆಗೆ. ಹಾಗೇ ನಡೆದುಕೊಂಡು ಬಂದಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ನಮ್ಮವರು ಹಲ್ಲುಜ್ಜುತ್ತಾ ನಿಂತಲ್ಲೇ ಕುಸಿದರು. ಸ್ಟ್ರೋಕ್. ಶಿವಮೊಗ್ಗಕ್ಕೆ ಒಯ್ದೆವು. ಜೀವ ಉಳಿಯಿತು, ಬಲಗೈ ಬಲಗಾಲು ಬಿದ್ದುಹೋಯಿತು, ಮಾತು ನಿಂತಿತು. ಬಾಯಿಂದ "ಆ", "ಊಂ" ಬಿಟ್ಟರೆ ಏನೂ ಇಲ್ಲ. ಮನೆಗೆ ಕರೆದುಕೊಂಡು ಬಂದು ಮಂಚದ ಮೇಲೆ ಮಲಗಿಸಿದ ದಿನ, ಬೀಗ ಹಾಕಿದ ಅಂಗಡಿಯ ಕಡೆ ನೋಡಿ ಅವರ ಕಣ್ಣಲ್ಲಿ ನೀರು ಬಂತು. ಅವರ ಅಪ್ಪ ಸತ್ತಾಗಲೂ ಅಳದ ಮನುಷ್ಯ. ನನಗೆ ಸಿಟ್ಟೇ ಬಂತು. ಯಾರ ಮೇಲೆ ಅಂತ ಕೇಳಬೇಡಿ, ಗೊತ್ತಿಲ್ಲ. ಮರುದಿನ ಹತ್ತು ಗಂಟೆಗೆ ಸೆರಗು ಸಿಕ್ಕಿಸಿಕೊಂಡು ಪರದೆ ಸರಿಸಿ ಹೋಗಿ ಗಲ್ಲಾದಲ್ಲಿ ಕೂತೆ.

ಅಬ್ಬಬ್ಬಾ, ಆ ಮೊದಲ ದಿನ! ಬಾಗಿಲವರೆಗೆ ಬಂದವರು ನನ್ನನ್ನು ನೋಡಿ, ತಪ್ಪಿ ಹೆಂಗಸರ ಬಚ್ಚಲಿಗೆ ಬಂದವರ ಹಾಗೆ ಹಿಂದಕ್ಕೆ ಸರಿದರು. ಪೇಟೆಯಲ್ಲಿ ಒಬ್ಬರೂ ನನ್ನ ಮುಖ ನೋಡಿ ಮಾತಾಡಲಿಲ್ಲ. ಕೈ ಬೀಸಿದ್ದು ಒಂದೇ ಒಂದು ಜೀವ. ಸಂಜೆ ಬಸರೀಕಟ್ಟೆ ಕಡೆ ಹೋಗುವ ಶಾಲೆ ಮಕ್ಕಳ ಜೀಪು ನಮ್ಮ ಎದುರಿನ ರಸ್ತೆಯಲ್ಲೇ ಹೋಗುವುದು. ಅದರ ಹಿಂದಿನ ಸೀಟಿನಲ್ಲಿ ಹೊರಗೆ ಮುಖ ಮಾಡಿ ಕೂರುವ ಎರಡು ಜಡೆಯ ಒಂದು ಹುಡುಗಿ ಇದ್ದಾಳೆ. ದಾರಿಯುದ್ದಕ್ಕೂ ಎಲ್ಲ ಅಂಗಡಿಗಳಿಗೂ ಟಾಟಾ ಮಾಡುತ್ತಾ ಹೋಗುವುದು ಅವಳ ಕೆಲಸ. ನನಗೂ ಮಾಡಿದಳು. ನಾನೂ ಮಾಡಿದೆ. ಅಂದಿನಿಂದ ಮೂರು ಮುಕ್ಕಾಲಿಗೆ ಏನೇ ಕೆಲಸವಿರಲಿ, ತಲೆ ಎತ್ತಿ ಆ ಜೀಪಿಗೆ ಕಾಯುತ್ತಿದ್ದೆ.

ಒಳಗೆ ಬಂದು ಕೂತ ಮೊದಲ ಗಿರಾಕಿ, ಇಲ್ಲೇ ಹತ್ತಿರದ ನಾರ್ವೆ ಹಳ್ಳಿಯ ಅಜ್ಜ. ಹರೆಯದಲ್ಲಿ ಅಡಿಕೆ ಮರ ಹತ್ತಿ ಕೊನೆ ಇಳಿಸುತ್ತಿದ್ದವರು, ಈಗ ಮಂಡಿ ನೋವು. ದಿನಾ ಹನ್ನೊಂದರ ಬಸ್ಸಿಗೆ ಬಂದು, ಒಂದು ನೈಂಟಿ, ಒಂದು ತಟ್ಟೆ ಕಡಲೆ ಮುಗಿಸಿ, ಮೂರು ಗಂಟೆಯ ಬಸ್ಸಿಗೆ ಹೊರಡುತ್ತಾರೆ. ಅವರ ಹತ್ತಿರ ಕೀಯೂ ಇಲ್ಲ, ಕತ್ತಿಯೂ ಇಲ್ಲ. ಆದರೂ ಕೊಡೆಯನ್ನು ಗೂಟಕ್ಕೆ ಹಾಕಿ ಕೂರುತ್ತಾರೆ. "ರೂಲ್ಸ್ ಅಂದ್ರೆ ರೂಲ್ಸ್ ತಂಗಿ" ಅಂದರು. ಅವರು ಕೂತದ್ದು ನೋಡಿ ನಾಲ್ಕು ಜನ ಬಂದರು. ವಾರದಲ್ಲಿ ಅಂಗಡಿ ಮಾಮೂಲಿಗೆ ಬಂತು.

ಆದರೆ ಮನೆಯಲ್ಲಿ ಇನ್ನೊಂದು ತಲೆಬಿಸಿ. ನಮ್ಮವರು ನನ್ನನ್ನು ಕಂಡಾಗಲೆಲ್ಲ ಎಡಗೈಯಲ್ಲಿ ಸನ್ನೆ ಮಾಡುತ್ತಿದ್ದರು. ಕೀ ತಿರುಗಿಸುವ ಹಾಗೆ ಮಣಿಕಟ್ಟು ತಿರುಗಿಸುವುದು, ಆಮೇಲೆ ಇಲ್ಲ ಇಲ್ಲ ಅನ್ನುವಂತೆ ಕೈ ಅಲ್ಲಾಡಿಸುವುದು, ಆಮೇಲೆ ಒಂದು ಬೆರಳು ಎತ್ತುವುದು. ದಿನಕ್ಕೆ ಹತ್ತು ಸಲ. ನಾನು ಅರ್ಥ ಮಾಡಿಕೊಂಡದ್ದು, ಸ್ಕೂಟರಿನ ಕೀ ಕೊಡು, ಒಂದು ಸಲ ಓಡಿಸಿ ಬರ್ತೇನೆ ಅಂತ. "ಮೊದಲು ಎದ್ದು ಬಚ್ಚಲಿಗೆ ಹೋಗೋದು ಕಲೀರಿ, ಸ್ಕೂಟರಂತೆ ಸ್ಕೂಟರು!" ಅಂತ ಬೈಯುತ್ತಿದ್ದೆ. ಅವರು ತಲೆ ಗೋಡೆಗೆ ತಿರುಗಿಸಿಕೊಳ್ಳುತ್ತಿದ್ದರು. ಹಟ ಅಂದುಕೊಂಡೆ.

ಇನ್ನು ಆ ದಿನದ ಮಾತು. ನಾನು ಗಲ್ಲಾಕ್ಕೆ ಕೂತು ಒಂದೂವರೆ ತಿಂಗಳಾಗಿತ್ತು, ಅಡಿಕೆ ಕೊಯ್ಲಿನ ಕಾಲ, ಚೆನ್ನಾಗಿ ಬಿಸಿಲಿತ್ತು. ಮಧ್ಯಾಹ್ನ ಒಂದು ಗಂಟೆಗೆ ಆ ಮಕ್ಕಳ ಜೀಪಿನ ಡ್ರೈವರೇ ಬಂದ. ಅವನನ್ನು ಒಳಗೆ ಕಂಡದ್ದು ಅದೇ ಮೊದಲು. "ಮಕ್ಕಳು?" ಅಂತ ಕೇಳಿದೆ. "ಇವತ್ತು ನನ್ನ ದೋಸ್ತ್ ಕರ್ಕೊಂಡು ಹೋಗ್ತಾನೆ ಅಕ್ಕ, ಅವನ ಜೀಪಲ್ಲಿ. ನನಗೆ ರಜೆ" ಅಂದ. ಚರ್ಮದ ತುಂಡು ಕಟ್ಟಿದ ಕೀ ತೆಗೆದು ಗೂಟಕ್ಕೆ ಹಾಕಿ, ಮರ್ಯಾದೆಯಿಂದ ಕೂತು ಕುಡಿದ. ಎರಡು ಗಂಟೆ ಹೊತ್ತು ಕೂತು ಕುಡಿದರೆ ಮರ್ಯಾದೆ ಎಷ್ಟು ಉಳಿಯುತ್ತದೋ ಅಷ್ಟು ಉಳಿದಿತ್ತು.

ಮೂರು ಗಂಟೆ ದಾಟಿರಬೇಕು, ನಾರ್ವೆ ಅಜ್ಜ ಕೊಡೆ ತೆಗೆದುಕೊಂಡು ಹೊರಟಾಗಿತ್ತು. ಅವನ ಫೋನ್ ಬಡಕೊಂಡಿತು. ದೋಸ್ತಿನ ಜೀಪು ಜಯಪುರದಲ್ಲಿ ಕ್ಲಚ್ ಪ್ಲೇಟ್ ಹೋಗಿ ನಿಂತಿದೆಯಂತೆ. ಅವನು ಎದ್ದ. ಎದ್ದ ರಭಸಕ್ಕೆ ಕುರ್ಚಿ ಬಿತ್ತು. "ಅಕ್ಕಾ, ಕೀ."

"ಕುಡಿದವರಿಗೆ ಕೀ ಇಲ್ಲ. ಗೊತ್ತಲ್ಲ."

"ಅಕ್ಕಾ, ಒಂಬತ್ತು ಮಕ್ಕಳು. ಸ್ಕೂಲ್ ಗೇಟಲ್ಲಿ ನಿಂತಿರ್ತಾವೆ. ಸಣ್ಣ ಸಣ್ಣ ಮಕ್ಕಳು ಅಕ್ಕಾ, ಕತ್ತಲಾದ್ರೆ ಯಾರು ಅವ್ರಿಗೆ? ನಿಮ್ಮ ಕಾಲಿಗೆ ಬೀಳ್ತೀನಿ." ಅವನು ಅಳುತ್ತಿದ್ದ. ಕುಡಿದವರ ಅಳು ಅಂತ ಗೊತ್ತು, ಆದರೂ ಅಳು ಅಳುವೇ. ಅದೇ ಹೊತ್ತಿಗೆ ಪಾರ್ಸೆಲ್ಲಿಗೆ ನಾಲ್ಕು ಜನ ಬಂದು ನಿಂತು "ಅಕ್ಕ ಬೇಗ, ಅಕ್ಕ ಬೇಗ" ಅನ್ನುತ್ತಿದ್ದರು. ನನ್ನ ಕಣ್ಣಿಗೆ ಆ ಎರಡು ಜಡೆಯವಳು ಗೇಟಿನಲ್ಲಿ ಬ್ಯಾಗು ಹೊತ್ತು ನಿಂತದ್ದೇ ಕಾಣಿಸಿತು. ಮಕ್ಕಳು ಕಾಯುತ್ತಿದ್ದಾರೆ ಅನ್ನುವ ಒಂದೇ ಮಾತು ತಲೆಯಲ್ಲಿ. "ಅದೇ ಅಕ್ಕ, ಚರ್ಮ ಕಟ್ಟಿರೋದು" ಅಂದ. ಕೈ ಹಿಂದಿನ ಹಲಗೆಗೆ ಚಾಚಿದೆ, ಚರ್ಮ ಕಟ್ಟಿದ ಕೀ ಸಿಕ್ಕಿತು, ನೋಡದೆ ಕೊಟ್ಟುಬಿಟ್ಟೆ. ಅವನು ಹೋದ. ನಾನು ಪಾರ್ಸೆಲ್ ಕಟ್ಟಿಸಿದೆ.

ಹತ್ತು ನಿಮಿಷದ ಮೇಲೆ ಪರದೆಯ ಹಿಂದಿನಿಂದ ದೊಡ್ಡಮ್ಮ ಕೇಳಿದಳು, "ಅದು ಯಾರದ್ದಮ್ಮ ಅಷ್ಟು ಗಲಾಟೆ?"

"ಮಕ್ಕಳ ಜೀಪಿನವನು. ಮಕ್ಕಳು ಕಾಯ್ತಾವೆ ಅಂತ ಕೀ ಕೇಳಿದ."

ಬಾಣಲೆ ಇಳಿಸಿದ ಸದ್ದಾಯಿತು. ಆಮೇಲೆ, "ಕೊಟ್ರಾ?"

ಆಗ ನನಗೆ ನಾನು ಮಾಡಿದ್ದು ಏನು ಅಂತ ತಿಳಿಯಿತು. ಬಸರೀಕಟ್ಟೆಯ ರಸ್ತೆ ನಾನು ನೋಡಿದವಳೇ, ಕುಡಿಯದವನಿಗೇ ಆ ತಿರುವುಗಳಲ್ಲಿ ದೇವರು ನೆನಪಾಗುತ್ತಾನೆ. ಮೂರು ತಲೆಮಾರಿನ ಗಂಡಸರು ಒಂದು ಹನಿ ರಕ್ತ ಬೀಳದ ಹಾಗೆ ಕಾದ ಬಾಗಿಲು. ನಾನು ಕೂತು ಒಂದೂವರೆ ತಿಂಗಳಿಗೆ ಕುಡಿದವನ ಕೈಗೆ ಕೀ ಕೊಟ್ಟು, ಅದೂ ಒಂಬತ್ತು ಮಕ್ಕಳನ್ನು ತರಲಿಕ್ಕೆ ಕಳಿಸಿದ್ದೆ. ಥೂ ನನ್ನ ಜನ್ಮಕ್ಕೆ! ಗಲ್ಲಾ ಹಾಗೇ ಬಿಟ್ಟು ಓಡಿದೆ.

ನಮ್ಮ ಗಿರಾಕಿಗಳು ಯಾರೂ ಬಾರಿನ ಮುಂದೆ ಗಾಡಿ ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ಮನೆಗೆ ಸುದ್ದಿ ಗಾಡಿಗಿಂತ ಮುಂಚೆ ಹೋಗುತ್ತದೆ. ಎಲ್ಲೆಲ್ಲೋ ಸಂದಿಯಲ್ಲಿ ಬಿಟ್ಟು ನಡೆದು ಬರುತ್ತಾರೆ. ಅವನ ಜೀಪು ಎಲ್ಲಿದೆ ಅಂತ ಹುಡುಕುವ ಹೊತ್ತಲ್ಲ ಅದು, ಸೀದಾ ಶಾಲೆಯಲ್ಲೇ ಹಿಡಿಯೋಣ ಅಂತ ಆಟೋ ಹತ್ತಿದೆ. "ಓಡಿಸಪ್ಪ, ಓಡಿಸು" ಅಂದೆ. ಆಟೋದವನು ರಸ್ತೆಯ ಹಂಪ್ ಬಂದಾಗಲೆಲ್ಲ ನಿಧಾನ ಮಾಡಿದರೆ ಅವನ ಬೆನ್ನಿಗೆ ಗುದ್ದಿದೆ. ಪುಣ್ಯಾತ್ಮ, ಇನ್ನೂ ಜೋರಾಗಿ ಓಡಿಸಿದ.

ಶಾಲೆಯ ಗೇಟಿನಲ್ಲಿ ಒಂದು ಮಗುವೂ ಇರಲಿಲ್ಲ. ವಾಚ್‌ಮನ್ ಬೀಡಿ ಹಚ್ಚುತ್ತಿದ್ದ. "ಬಸರೀಕಟ್ಟೆ ಮಕ್ಕಳಾ? ಜೀಪ್ ಬಂತಲ್ಲ, ಈಗಷ್ಟೇ ಹೋದ್ರು."

"ಡ್ರೈವರ್ ಯಾರು? ನೋಡಿದ್ಯಾ?"

"ಜೀಪ್ ನೋಡ್ದೆ ಅಮ್ಮ. ಡ್ರೈವರನ್ನ ಯಾರು ನೋಡ್ತಾರೆ?"

ಜೀವ ಬಾಯಿಗೆ ಬಂತು ಅನ್ನುತ್ತಾರಲ್ಲ, ಹಾಗೆ ನಿಜವಾಗಿ ಆಗುತ್ತದೆ. ಬಸರೀಕಟ್ಟೆ ರಸ್ತೆಗೆ ತಿರುಗಿಸು ಅಂದೆ. ಮೊದಲ ತಿರುವು ಬಂತು, ಕೆಳಗೆ ನೋಡಿದೆ. ಎರಡನೇ ತಿರುವು, ಕೆಳಗೆ ನೋಡಿದೆ. ಪ್ರತಿ ತಿರುವಿಗೂ ಇನ್ನೊಂದು ದೇವರಿಗೆ ಹರಕೆ ಹೇಳುತ್ತಿದ್ದೆ. ಏಳನೇ ಎಂಟನೇ ತಿರುವಿಗೆ ಗೊತ್ತಿದ್ದ ದೇವರೆಲ್ಲ ಮುಗಿದು ಮಾವನಿಗೇ ಕೈ ಮುಗಿದೆ. "ಮಾವಯ್ಯ, ನಿಮ್ಮ ಬಾಗಿಲು ಮುಚ್ಚಿಬಿಡ್ತೇನೆ, ನಾಳೆಯಿಂದ ತೆಗೆಯೋದೇ ಇಲ್ಲ, ಆ ಮಕ್ಕಳು ಮನೆ ಮುಟ್ಟಲಿ" ಅಂದೆ.

ಆಗ ಫೋನ್ ಬಂತು. ದೊಡ್ಡಮ್ಮ. ಅವಳು ಫೋನಿನಲ್ಲಿ ಮಾತಾಡುವುದು ಅಂದರೆ ಆಚೆ ಗುಡ್ಡದಲ್ಲಿದ್ದವರನ್ನು ಕೂಗಿದ ಹಾಗೆ. "ಅಮ್ಮಾ! ಎಲ್ಲಿದೀರಿ? ವಾಪಸ್ ಬನ್ನಿ! ಅವನು ಫೋನ್ ಟೇಬಲ್ ಮೇಲೇ ಬಿಟ್ಟು ಹೋಗಿದಾನೆ. ಬಡಕೊಂಡು ಬಡಕೊಂಡು ತಡೆಯಕ್ಕಾಗ್ದೆ ನಾನೇ ಹೋಗಿ ಎತ್ತಿದೆ. ಅವನ ದೋಸ್ತು! ಬೇರೆ ಯಾರದ್ದೋ ಜೀಪ್ ಇಸ್ಕೊಂಡು ಬಂದು ಮಕ್ಕಳನ್ನ ಹತ್ತಿಸ್ಕೊಂಡು ಹೋದ್ನಂತೆ. ಎಲ್ಲಾ ಒಂಬತ್ತೂ ಅವನ ಹತ್ರಾನೇ ಇದಾವಂತೆ!"

"ಇವನು? ಇವನೆಲ್ಲಿ?"

"ಇಲ್ಲೇ ಬಸ್‌ಸ್ಟ್ಯಾಂಡಿನ ಹಿಂದೆ ಸಾಯ್ತಿದಾನೆ. ಜೀಪ್ ಸ್ಟಾರ್ಟೇ ಆಗ್ತಿಲ್ವಂತೆ!"

ನಾನು ಆಟೋದಲ್ಲಿ ಕೂತಲ್ಲೇ ಜೋರಾಗಿ ಅತ್ತೆ. ನಾಚಿಕೆ ಬಿಟ್ಟು ಅತ್ತೆ. ಆಟೋದವನು ಗಾಡಿ ಬದಿಗೆ ಹಾಕಿ, ನೀರಿನ ಬಾಟಲಿ ಕೊಟ್ಟು, ಅತ್ತ ಮುಖ ಮಾಡಿ ನಿಂತ. ಹೋದ ಜೀವ ಬಂದಂತಾಯಿತು ಅನ್ನುವ ಮಾತಿಗೆ ಅವತ್ತು ನನಗೆ ಅರ್ಥ ತಿಳಿಯಿತು. ಆಮೇಲೆ ನೆನಪಾಯಿತು, ದೊಡ್ಡಮ್ಮ ಮೂವತ್ತು ವರ್ಷದಲ್ಲಿ ಮೊದಲ ಸಲ ಪರದೆ ದಾಟಿದ್ದಳು.

ವಾಪಸು ಬಂದು ಬಸ್‌ಸ್ಟ್ಯಾಂಡಿನ ಹಿಂದೆ ನೋಡಿದರೆ ಜಾತ್ರೆ. ಜೀಪಿನ ಬಾನೆಟ್ ತೆಗೆದು ನಾಲ್ಕು ಜನ ಬಗ್ಗಿದ್ದಾರೆ. ಒಬ್ಬ ಬ್ಯಾಟರಿ ಡೌನ್ ಅನ್ನುತ್ತಾನೆ, ಇನ್ನೊಬ್ಬ ಸೆಲ್ಫ್ ಹೋಗಿದೆ ಅನ್ನುತ್ತಾನೆ. ಮೆಕ್ಯಾನಿಕ್ಕು ಹೊಸ ಬ್ಯಾಟರಿಯೇ ಹಾಕಬೇಕು ಅಂತ ತೀರ್ಪು ಕೊಟ್ಟಾಗಿದೆ. ನಮ್ಮ ಡ್ರೈವರು ಸ್ಟಿಯರಿಂಗಿಗೆ ಹಣೆ ಇಟ್ಟು ಕೂತಿದ್ದಾನೆ. ನಾರ್ವೆ ಅಜ್ಜ ತಡವಾಗಿ ಬಂದ ಮೂರು ಗಂಟೆಯ ಬಸ್ಸನ್ನೂ ಬಿಟ್ಟು, ಕೊಡೆಯ ಮೇಲೆ ಗಲ್ಲ ಊರಿ ನೋಡುತ್ತಾ ಒಳಗೊಳಗೇ ನಗುತ್ತಿದ್ದಾರೆ.

"ಮಕ್ಕಳು ಮನೆಗೆ ಹೋದವು, ನಿನ್ನ ದೋಸ್ತು ಕರ್ಕೊಂಡು ಹೋದ" ಅಂತ ಡ್ರೈವರಿಗೆ ಹೇಳಿದೆ. ಅವನು ತಲೆ ಎತ್ತಿ ನೋಡಿ ಮುಖ ಮುಚ್ಚಿಕೊಂಡ. ಕೈ ಚಾಚಿ ಕೀ ಕಿತ್ತುಕೊಂಡೆ.

"ಆ ಕೀ ಸರಿಯಾಗಿ ನೋಡಿದ್ಯಾ ತಂಗಿ?" ಅಂದರು ಅಜ್ಜ.

ನೋಡಿದೆ. ಕೀಗೆ ಹಲ್ಲೇ ಇಲ್ಲ. ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದಾರೆ. ತೂತಿನೊಳಗೆ ಹೋಗುತ್ತದೆ, ತಿರುಗುವುದಿಲ್ಲ. ಇದಕ್ಕೂ ಅಂಥದ್ದೇ ಚರ್ಮದ ತುಂಡು, ಆದರೆ ಇದು ಇವನ ಕೀ ಅಲ್ಲ, ಮೊದಲನೇ ಗೂಟದಲ್ಲಿ ಯಾವಾಗಲೂ ನೇತಾಡುವ ಕೀ.

"ಗೊತ್ತಿದ್ದೇ ಕೊಟ್ಟಿದೀಯ ಅಂದ್ಕೊಂಡೆ" ಅಂದರು ಅಜ್ಜ. "ಇದು ಮೊಂಡುಗತ್ತಿ ಮಾರಾಯ್ತಿ! ನಿನ್ನ ಗಂಡನ ಅಜ್ಜ ಶುರು ಮಾಡಿದ್ದು. ಕುಡಿದು ಹಟ ಮಾಡಿ ಕತ್ತಿ ಕೊಡಿ ಕತ್ತಿ ಕೊಡಿ ಅಂತ ಕೂಗೋವ್ನಿಗೆ ಎದುರು ಮಾತಾಡಿದ್ರೆ ರಂಪ ಆಗುತ್ತೆ. ಅದಕ್ಕೆ ಮೊದಲನೇ ಗೂಟದ ಕಪ್ಪು ಹಿಡಿ ಕತ್ತಿ ಕೊಟ್ಟು ಕಳಿಸೋದು. ಅದರಲ್ಲಿ ಬಾಳೆಹಣ್ಣೂ ಕುಯ್ಯಕ್ಕಾಗಲ್ಲ. ಅಮಲಲ್ಲಿ ಎಲ್ಲಾ ಕತ್ತಿನೂ ಒಂದೇ. ಬೆಳಗ್ಗೆ ಎದ್ದು ನೋಡ್ಕೊಂಡು, ನಾಚಿಕೊಂಡು ಬಂದು, ಬದಲಾಯಿಸ್ಕೊಂಡು ಹೋಗೋದು. ನಾನೇ ಒಂದ್ಸಲ ನನ್ನ ಭಾವನ್ನ ಕಡೀತೀನಿ ಅಂತ ಅದನ್ನ ನಾರ್ವೆ ತನಕ ಹೊತ್ಕೊಂಡು ಹೋಗಿದ್ದೆ. ಬೆಳಗ್ಗೆ ವಾಪಸ್ ತಂದ್ಕೊಟ್ಟಾಗ ನಿನ್ನ ಗಂಡನ ಅಜ್ಜ ಒಂದು ಮಾತು ಆಡಲಿಲ್ಲ, ಬೆಲ್ಲ ನೀರು ಕೊಟ್ರು. ಭಾವ ಈಗಲೂ ಗುಂಡುಕಲ್ಲಿನಂಗೆ ಇದಾನೆ. ಜೀಪ್ ಬಂದ ಮೇಲೆ ನಿನ್ನ ಗಂಡ ಈ ಕೀ ಮಾಡಿಸಿದ್ದು."

ಇಪ್ಪತ್ತು ಆಯುಧಪೂಜೆ ಮೊಂಡುಗತ್ತಿಗೆ ಎರಡು ಹೂವು ಜಾಸ್ತಿ ಇಟ್ಟಿದ್ದೆ. ಇಟ್ಟದ್ದು ಸುಮ್ಮನೆ ಹೋಗಲಿಲ್ಲ ಅಂತ ಈಗ ಅನಿಸುತ್ತದೆ.

ಮನೆಗೆ ಓಡಿದೆ. ನಮ್ಮವರ ಮುಂದೆ ಕೀ ಹಿಡಿದೆ. ಅವರ ಕಣ್ಣು ಅರಳಿತು. ಎಡಗೈ ಎತ್ತಿ ಅದೇ ಸನ್ನೆ ಮಾಡಿದರು: ಮಣಿಕಟ್ಟು ತಿರುಗಿಸಿದರು, ತಿರುಗುವುದಿಲ್ಲ ಅಂತ ಕೈ ಅಲ್ಲಾಡಿಸಿದರು, ಒಂದನೇ ಗೂಟ ಅಂತ ಒಂದು ಬೆರಳು ಎತ್ತಿದರು. ಒಂದೂವರೆ ತಿಂಗಳಿಂದ ಬಿದ್ದಲ್ಲಿಂದಲೇ ನನಗೆ ಗಲ್ಲಾದ ಗುಟ್ಟು ಹೇಳುತ್ತಿದ್ದರು, ನಾನು ಬಚ್ಚಲಿನ ಮಾತಾಡಿ ಬೈಯುತ್ತಿದ್ದೆ. "ಅಯ್ಯೋ, ನನ್ನ ತಲೆಗಿಷ್ಟು!" ಅಂತ ಅವರ ಎದೆಯ ಮೇಲೆ ಹಣೆ ಇಟ್ಟೆ. ಅವರು ಎಡಗೈಯಿಂದ ತಲೆ ತಟ್ಟಿದರು.

ಮರುದಿನ ಡ್ರೈವರು ಬಂದ, ತಲೆ ತಗ್ಗಿಸಿಕೊಂಡು. ಅವನ ಕೀ ಕೊಟ್ಟೆ, ಬೆಲ್ಲ ನೀರು ಕೊಟ್ಟೆ. ಒಂದು ಮಾತು ಆಡದಿರಲು ನಾನೇನು ನಮ್ಮವರ ಅಜ್ಜ ಅಲ್ಲ. "ಆಗಿದ್ದನ್ನ ಮಕ್ಕಳ ಮನೆಯವ್ರಿಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?" ಅಂದೆ. ಅವನೇ ಹೇಳಿದ. ಎರಡು ಮನೆಯವರು ತಮ್ಮ ಮಕ್ಕಳನ್ನು ಜೀಪಿನಿಂದ ಬಿಡಿಸಿ ಬಸ್ಸಿಗೆ ಹಾಕಿದರು. ಒಂದು ತಿಂಗಳ ಮೇಲೆ ವಾಪಸು ಕಳಿಸಿದರು. ಅವನಿಗೆ ನನ್ನ ಬಾಗಿಲು ಶಾಲೆಯ ರಜೆಯಲ್ಲಿ ಮಾತ್ರ. ಎರಡು ಜಡೆಯವಳು ದಿನಾ ಟಾಟಾ ಮಾಡುತ್ತಾಳೆ, ಅವಳಿಗೇನೂ ಗೊತ್ತಿಲ್ಲ. ಮಾವಯ್ಯನಿಗೆ ಬಾಗಿಲು ಮುಚ್ಚುತ್ತೇನೆ ಅಂದಿದ್ದೆನಲ್ಲ, ಅದಕ್ಕೆ ಅವರ ಫೋಟೋದ ಮುಂದೆ ನಿಂತು, "ನೀವೇ ಇಟ್ಟುಹೋದ ಗೂಟದಿಂದ ಉಳೀತು, ಹರಕೆ ಲೆಕ್ಕಕ್ಕಿಲ್ಲ" ಅಂತ ಹೇಳಿ ಬಂದೆ.

ಆಮೇಲೆ ನಾನೂ ಒಂದು ಕೆಲಸ ಮಾಡಿದೆ. ಈಗ ಬರುವವರಲ್ಲಿ ಮುಕ್ಕಾಲು ಪಾಲು ಬೈಕು ಸ್ಕೂಟರಿನವರು. ಬೀಗದ ಕೀ ಮಾಡುವವನ ಹತ್ತಿರ ಹೋಗಿ ಸ್ಕೂಟರಿನ ಒಂದು ಕೀ ಮಾಡಿಸಿ, ಹಲ್ಲು ಉಜ್ಜಿಸಿದೆ. "ಇದರಲ್ಲಿ ಗಾಡಿ ಓಡಲ್ಲ ಅಕ್ಕ" ಅಂದ. "ಅದಕ್ಕೇ ಮಾರಾಯ" ಅಂದೆ. ತಂದು ಎರಡನೇ ಗೂಟಕ್ಕೆ ಹಾಕಿದೆ. ಯಾರಿಗೂ ಹೇಳಲಿಲ್ಲ, ನಮ್ಮವರಿಗೂ.

ನಮ್ಮವರು ನಿಧಾನ ಎದ್ದರು. ಕೋಲು ಹಿಡಿದು ನಡೆದರು. ಮಾತು ಮಾತ್ರ ಒಂದೊಂದೇ, "ನೀರು", "ಬೇಡ", "ಬಾ". ಎಂಟನೇ ತಿಂಗಳಿಗೆ ಮಧ್ಯಾಹ್ನ ಬಂದು ಗಲ್ಲಾದ ಪಕ್ಕದ ಕುರ್ಚಿಯಲ್ಲಿ ಕೂರುವಷ್ಟಾದರು. ಡಾಕ್ಟರು ಗಾಡಿ ಮುಟ್ಟಬಾರದು ಅಂದಿದ್ದಾರೆ. ಒಂದು ದಿನ ಎಡಗೈ ನನ್ನ ಮುಂದೆ ಚಾಚಿದರು. "ಕೀ."

ಈ ಸಲ ಅದು ಸ್ಕೂಟರೇ. ಕಣ್ಣು ಹೊರಗೆ ನಿಂತ ನಮ್ಮ ಸ್ಕೂಟರಿನ ಮೇಲೇ ಇತ್ತು. ಬೇಡ ಅನ್ನೋಣ ಅಂದುಕೊಂಡೆ. ಬೇಡ ಅಂದರೆ ರಂಪ. ಸುಮ್ಮನೆ ಕೈ ಹಿಂದಕ್ಕೆ ಚಾಚಿ, ಎರಡನೇ ಗೂಟದ ಕೀ ತೆಗೆದು ಕೊಟ್ಟೆ.

ಅವರು ಕೋಲೂರಿಕೊಂಡು ಹೋದರು. ಕಿಟಕಿಯಿಂದ ನೋಡುತ್ತಿದ್ದೆ. ನಾರ್ವೆ ಅಜ್ಜ ಕಡಲೆ ಬಾಯಿಗೆ ಹಾಕುವುದನ್ನು ನಿಲ್ಲಿಸಿದರು. ನಮ್ಮವರು ಸ್ಕೂಟರಿಗೆ ಕೀ ಹಾಕಿದರು, ತಿರುಗಿಸಿದರು. ತೆಗೆದು, ಒರೆಸಿ, ಮತ್ತೆ ಹಾಕಿದರು. ಆಮೇಲೆ ಕೀಯನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ನನಗೆ ಸ್ವಲ್ಪ ಭಯವೇ ಆಯಿತು.

ಅವರ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆ ಅಂತ ನಾನು ಬಾಗಿಲಿಗೆ ಓಡಿದರೆ, ನಗುತ್ತಿದ್ದಾರೆ. ಒಂದು ಕಡೆಗೆ ಸೊಟ್ಟಗಾದ ಬಾಯಲ್ಲಿ, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಾರೆ. ಕೀಯನ್ನು ಎತ್ತಿ ನನಗೆ ತೋರಿಸಿ, ತಡೆದು ತಡೆದು, ಎಂಟು ತಿಂಗಳ ಮೇಲೆ ಮೊದಲನೇ ಸಲ ಒಂದು ಪೂರ್ತಿ ಮಾತು ಆಡಿದರು.

"ನನಗೇ... ಕೊಟ್ಯಲ್ಲೇ... ಮಾರಾಯ್ತಿ!"

"ಯಾರಾದ್ರೂ ಅಷ್ಟೆ" ಅಂದೆ. "ಬನ್ನಿ ಒಳಗೆ, ಕೀ ಗೂಟಕ್ಕೆ ಹಾಕಿ ಕೂತ್ಕೊಳ್ಳಿ."